ದುಖಾನ್ ದಾರಿಗೆ ತಕ್ಕ ಗೇರ್

"ಓನರ್ ಇಲ್ವಾ?" ಎಂದು ಅವನು ಕೇಳಿದಾಗಲೇ ಅಶ್ವಿತಾಳಿಗೆ ಪಿತ್ತ ನೆತ್ತಿಗೇರಿತ್ತು.

"ಅಪ್ಪ ಊರಿಗೆ ಹೋಗಿದ್ದಾರೆ. ಅವರು ಬರುವವರೆಗೆ ನಾನೇ ಓನರ್. ಎಂತ ಬೇಕು ಹೇಳಿ."

ದೋಹಾದ ಸನಾಯ್ಯಾ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಗ್ಯಾರೇಜುಗಳ ಸಾಲಿನ ನಡುವೆ ಅವಳ ಅಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿ. ಹಳೆಯ ಅಮೆರಿಕನ್ ಕಾರುಗಳ ಹುಚ್ಚು ಹತ್ತಿಸಿಕೊಂಡವರು ಒಂದಲ್ಲ ಒಂದು ದಿನ ಅಲ್ಲಿಗೆ ಬರಲೇಬೇಕು. ಈತ ಮೈಸೂರಿನ ವಿನಯ್, ತೈಲಬಾವಿಗಳ ಊರಾದ ದುಖಾನಿನಲ್ಲಿ ಎಂಜಿನಿಯರ್. ಹೊರಗೆ ನಿಂತಿದ್ದ ಕಡುನೀಲಿ ಬಣ್ಣದ, 1970ರ ಶೆವೆಲ್ ಕಾರು ಅವನದು. ದನಿ ಹುಲಿಯದು, ಓಟ ಮಾತ್ರ ಮದುವೆ ಮೆರವಣಿಗೆಯದು.

"ಸಿಗ್ನಲ್ ಬಿಟ್ಟ ತಕ್ಷಣ ಹಾರ್ಬೇಕು ಕಣ್ರೀ. ಈಗ ಪಕ್ಕದ ಟ್ಯಾಕ್ಸಿನೂ ನನ್ನನ್ನ ಹಿಂದೆ ಹಾಕತ್ತೆ. ಆಕ್ಸಲಲ್ಲಿ 2.73 ಗೇರ್ ಇದೆ. 4.10 ಕೊಡಿ."

"ಗಾಡಿ ಓಡುವುದು ಎಲ್ಲಿ?"

"ವೀಕೆಂಡಲ್ಲಿ ದುಖಾನಿಂದ ದೋಹಾಗೆ, ಅಷ್ಟೇ. ಡ್ಯೂಟಿಗೆ ಕಂಪನಿ ಬಸ್ಸಿದೆ."

"ಹೋಗಿ ಬರ್ಲಿಕ್ಕೆ ನೂರು ಮೈಲಿ. ಹಾಗಾದ್ರೆ ನಿಮ್ಗೆ 4.10 ಬೇಡ ಮಾರಾಯ್ರೆ. 3.55 ಹಾಕಿಸಿ."

ಹಿಂದಿನ ಆಕ್ಸಲಿನ ಗೇರ್ ಎಂದರೆ ಇಷ್ಟೇ: ಚಕ್ರ ಒಂದು ಸುತ್ತು ತಿರುಗಬೇಕಾದರೆ ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ನಿಂತಲ್ಲಿಂದ ಚಂಗನೆ ನೆಗೆಯುತ್ತದೆ. ಆದರೆ ಉದ್ದ ದಾರಿಯಲ್ಲಿ ಎಂಜಿನ್ ಬಾಯಿ ಬಡಿದುಕೊಳ್ಳುತ್ತದೆ. ಅಶ್ವಿತಾ ಇದನ್ನೆಲ್ಲ ತಾಳ್ಮೆಯಿಂದ ಹೇಳಿದಳು. ಅವನು ಕೇಳಿಸಿಕೊಂಡು ನಕ್ಕ.

"ಹುಡುಗಿಯರಿಗೆ ಸೌಂಡ್ ಅಂದ್ರೆ ಭಯ."

ಅವಳು 4.10ರ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ದಡಕ್ಕನೆ ಇಟ್ಟಳು. ಅವನು ಜಾಬ್ ಕಾರ್ಡಿಗೆ ಸಹಿ ಹಾಕಲು ಬಗ್ಗಿದಾಗ ಕಿವಿಯ ಹಿಂದೆ ಗ್ರೀಸ್ ಮೆತ್ತಿದ್ದು ಕಂಡಿತು. ಒರೆಸಿಕೊಳ್ಳಿ ಎನ್ನಬೇಕೆನಿಸಿತು. ಅಷ್ಟರಲ್ಲಿ ಅವನು ತಲೆಯೆತ್ತಿದ. ಅವಳ ಕಣ್ಣುಗಳು ಸಿಕ್ಕಿಬಿದ್ದವು. ಒಂದು ಗಳಿಗೆ ಇಬ್ಬರಿಗೂ ಜಗಳ ಮರೆತುಹೋಯಿತು.

ಪಕ್ಕದ ಗ್ಯಾರೇಜಿನ ಮೊಯ್ದಿನ್ ಗೇರ್ ಕೂರಿಸಿದ. ವಿನಯ್ ಹೋದ. ಆಮೇಲೆ ಅವನ ಪತ್ತೆಯೇ ಇಲ್ಲ.

ಒಂದು ಸಲ ಬಂದುಹೋದ ಗಿರಾಕಿಗಾಗಿ ಬಾಗಿಲು ನೋಡುವುದು ಯಾವ ಸೀಮೆಯ ವ್ಯಾಪಾರ ಎಂದು ಅಶ್ವಿತಾ ತನ್ನನ್ನೇ ಬೈದುಕೊಂಡಳು. ಬೈದರೇನು, ಶನಿವಾರ ಬಂತೆಂದರೆ ತಲೆಗೂದಲಿಗೆ ಎರಡು ಸಲ ಬಾಚಣಿಗೆ ಆಡಿಸುತ್ತಿದ್ದಳು. ಅವನ ಕಾರಿಗೆ ಹೊಂದುವ 3.55ರ ಸೆಟ್ಟನ್ನು ಯಾರೂ ಕೇಳದಿದ್ದರೂ ತರಿಸಿದಳು. ಬೇರೆಯವರು ಕೇಳಿದಾಗ "ಮಾಫಿ, ಸ್ಟಾಕಿಲ್ಲ" ಎಂದು ಅರಬಿ ಬೆರೆಸಿ, ಮುಖ ನೋಡಿ ಸುಳ್ಳು ಹೇಳಿದಳು.

ಹದಿನಾರು ವಾರ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಅವನು ಬಂದ.

"ಹಳೇ 2.73 ವಾಪಸ್ ಹಾಕಿಸಿಕೊಡಿ. ಗಾಡಿ ಮಾರ್ತಿದ್ದೀನಿ. ತಗೊಳ್ಳೋರಿಗೆ ಸದ್ದು ಬೇಡ್ವಂತೆ."

"ಮಾರುದಾ? ಎಂತಕ್ಕೆ?"

"ಮಸ್ಕತ್‌ಗೆ ಟ್ರಾನ್ಸ್‌ಫರ್ ಕೊಡ್ತಿದ್ದಾರೆ. ಹೋಗ್ತೀನೋ ಇಲ್ಲೇ ಇರ್ತೀನೋ ಅಂತ ಇವತ್ತು ಮಧ್ಯಾಹ್ನದೊಳಗೆ ಮ್ಯಾನೇಜರಿಗೆ ಹೇಳ್ಬೇಕು. ಇಲ್ಲಿರೋಕೆ ನನಗೇನು ಕಾರಣ ಇದೆ, ಹೇಳಿ."

ನಾಲ್ಕು ತಿಂಗಳು ಕಾದದ್ದು ಇದನ್ನು ಕೇಳುವುದಕ್ಕೇ? ಅಶ್ವಿತಾ ಏನೂ ತೋರಗೊಡದೆ ಆವತ್ತಿನ ಜಾಬ್ ಕಾರ್ಡ್ ಹಿಡಿದು ಕಾರಿನ ಬಳಿ ನಡೆದಳು. ಅವನೂ ಹಿಂದೆಯೇ ಬಂದ.

"4.10 ಹೇಗಿತ್ತು?"

"ನೀವು ಹೇಳಿದ ಹಾಗೇ. ಸಿಗ್ನಲಲ್ಲಿ ರಾಜ, ಹೈವೇಲಿ ತಲೆನೋವು. ಒಂದು ಸಲ ಮನೆಗೆ ಓಡಿಸಿಕೊಂಡು ಹೋಗಿ ನಿಲ್ಲಿಸಿದ್ದು, ಮತ್ತೆ ತೆಗ್ದೇ ಇಲ್ಲ."

ಅವಳು ಡ್ರೈವರ್ ಸೀಟಿನಲ್ಲಿ ಕುಳಿತು ಮೀಟರ್ ನೋಡಿದಳು. ಕಾರ್ಡಿನಲ್ಲಿ ಬರೆದಿದ್ದಕ್ಕಿಂತ ಎರಡು ಸಾವಿರದ ನಾನೂರು ಮೈಲಿ ಹೆಚ್ಚಿತ್ತು. ಮೊದಲಿಗೆ ತಪ್ಪು ಮೀಟರಿನದೇ ಎಂದುಕೊಂಡಳು. ಆಕ್ಸಲ್ ಗೇರ್ ಬದಲಿಸಿದಾಗ ಮೀಟರಿನ ಪುಟ್ಟ ಗೇರನ್ನೂ ಬದಲಿಸಬೇಕು. ಅವನು ಆಮೇಲೆ ನೋಡೋಣ ಎಂದು ಹಾಗೇ ಹೋಗಿದ್ದ. ಹಾಗಾಗಿ ಮೀಟರ್ ಒಂದು ಮೈಲಿಯನ್ನು ಒಂದೂವರೆ ಎಂದು ಎಣಿಸುತ್ತಿತ್ತು. ಅವಳು ಮೀಟರಿನ ಸುಳ್ಳನ್ನು ಕಳೆದಳು. ಉಳಿದದ್ದು ಸಾವಿರದ ಆರುನೂರು. ಹೋಗಿ ಬರಲು ನೂರರಂತೆ ಹದಿನಾರು ಸಲ. ವಾರಕ್ಕೆ ಸರಿಯಾಗಿ ಒಂದು ಸಲ.

ಇದು ಮೀಟರಿನ ಸುಳ್ಳಲ್ಲ, ಮನುಷ್ಯನ ಸುಳ್ಳು.

"ವಿನಯ್ ಅವ್ರೇ, ಇವತ್ತಿನದ್ದು ಬಿಟ್ರೆ ನೀವು ಹದಿನೈದು ಸಲ ದೋಹಾಕ್ಕೆ ಬಂದಿದ್ದೀರಿ. ಎಲ್ಲಿಗೆ ಹೋಗ್ತಿದ್ರಿ?"

ಅವನ ಮುಖದ ಬಣ್ಣ ಬದಲಾಯಿತು. ಬಾನೆಟ್ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದ.

"ಈ ಬೀದಿ ತುದೀಲಿ ಕರಕ್ ಚಹಾ ಅಂಗಡಿ ಇದೆಯಲ್ಲ, ಅಲ್ಲಿವರೆಗೆ."

"ಹದಿನೈದು ಸಲವಾ? ಚಹಾ ಕುಡೀಲಿಕ್ಕಾ?"

"ಧೈರ್ಯ ತಂದ್ಕೊಳ್ಳೋಕೆ. ಒಳಗೆ ಬಂದು ಏನ್ ಹೇಳ್ಲಿ ನಾನು? ಗೇರ್ ಚೆನ್ನಾಗಿದೆ ಅಂದ್ರೆ ಸುಳ್ಳು. ಚೆನ್ನಾಗಿಲ್ಲ ಅಂದ್ರೆ ನೀವು ಗೆದ್ದ ಹಾಗೆ. ಆವತ್ತು ಆ ಮಾತು ಬೇರೆ ಆಡಿದ್ದೆ, ಹುಡುಗಿಯರಿಗೆ ಭಯ ಅಂತ. ದಾರಿಯುದ್ದಕ್ಕೂ ಆ ಎಂಜಿನ್ ನನ್ನನ್ನ ಬೈಕೊಂಡೇ ಬರ್ತಿತ್ತು. ಚಹಾ ಮುಗಿಯೋ ಹೊತ್ತಿಗೆ ಧೈರ್ಯನೂ ಮುಗಿದಿರ್ತಿತ್ತು. ವಾಪಸ್ ಹೋಗ್ತಿದ್ದೆ."

ಅಶ್ವಿತಾಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಅವಳು ಈ ತುದಿಯಲ್ಲಿ ಬಾಗಿಲು ನೋಡುತ್ತಿದ್ದಾಗ ಅವನು ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದ. ನಡುವೆ ಇದ್ದದ್ದು ನೂರು ಹೆಜ್ಜೆ. ಕಾರಿನಿಂದಿಳಿದು ಅಂಗಡಿಯೊಳಗೆ ಹೋಗಿ, ಕೌಂಟರಿನ ಕೆಳಗಿದ್ದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವನ ಮುಂದೆ ಇಟ್ಟಳು.

"3.55," ಎಂದಳು. "ನಿಮ್ಮ ಗಾಡೀದೇ."

"ಸ್ಟಾಕ್ ಇತ್ತಾ?"

"ಎಲ್ಲಿಯ ಸ್ಟಾಕ್!" ಸ್ಪ್ಯಾನರ್ ಹಿಡಿದು ಬಂದ ಮೊಯ್ದಿನ್ ನಡುವೆ ಬಾಯಿ ಹಾಕಿದ. "ಮೂರು ಜನ ಕೇಳ್ಕೊಂಡು ಬಂದ್ರು ಸಾರ್. ಮೂರು ಜನರನ್ನೂ ಓಡಿಸಿದ್ಲು. ನಾನು ಕೇಳಿದ್ರೂ ಕೊಡ್ಲಿಲ್ಲ."

"ಮೊಯ್ದಿನಾಕ, ನಿಮ್ಗೆ ಒಳಗೆ ಕೆಲಸ ಇಲ್ವಾ?"

"ಖಲಾಸ್, ನಾನು ಹೋದೆ," ಎಂದು ಅವನು ಗಡ್ಡದೊಳಗೇ ನಗುತ್ತ ಗ್ಯಾರೇಜಿಗೆ ಮರಳಿದ.

ವಿನಯ್ ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ.

"ಹೋಗ್ಬೇಡಿ," ಎಂದಳು. "ಗಾಡಿಯನ್ನು ಇಟ್ಕೊಳ್ಳಿ. ನೀವೂ ಇಲ್ಲೇ ಇರಿ. ನಂಗೆ ನೀವು ಬೇಕು."

ಅಷ್ಟು ನೇರವಾಗಿ ಅವನ ಬದುಕಿನಲ್ಲಿ ಯಾರೂ ಮಾತಾಡಿರಲಿಕ್ಕಿಲ್ಲ. ಅವನು ಜೇಬಿನಿಂದ ಫೋನ್ ತೆಗೆದು, ಅವಳ ಎದುರಿಗೇ ಮ್ಯಾನೇಜರಿಗೆ ಕರೆ ಮಾಡಿದ.

"ರಾಮಸ್ವಾಮಿ ಸರ್, ವಿನಯ್. ಮಸ್ಕತ್ ಬೇಡ ಸರ್. ದುಖಾನಲ್ಲೇ ಇರ್ತೀನಿ. ಹೌದು, ಯೋಚನೆ ಮಾಡಿಯೇ ಹೇಳ್ತಿದ್ದೀನಿ. ಫ್ಯಾಮಿಲಿ ರೀಸನ್ಸ್ ಅಂತ ಹಾಕ್ಕೊಳ್ಳಿ."

ಆಚೆಯಿಂದ ರಾಮಸ್ವಾಮಿಯವರ ದನಿ ಅಶ್ವಿತಾಳಿಗೂ ಕೇಳುವಷ್ಟು ಜೋರಾಗಿತ್ತು: "ಬ್ಯಾಚುಲರ್ ಕ್ವಾರ್ಟರ್ಸ್‌ನಲ್ಲಿ ಇರೋನು ನೀನು. ನಿನಗೆ ಇಲ್ಲಿ ಯಾವ ಫ್ಯಾಮಿಲಿನಪ್ಪಾ?"

ವಿನಯ್ ಫೋನಿಗೆ ಅಂಗೈ ಅಡ್ಡ ಹಿಡಿದು, ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳುವವನಂತೆ ಅವಳತ್ತ ಬಗ್ಗಿದ.

"ಏನ್ ಹೇಳ್ಲಿ?"

ಅಶ್ವಿತಾ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಕೆನ್ನೆ ಬಿಸಿಯಾಗಿತ್ತು, ಆದರೂ ನಗು ತಡೆಯಲಾಗಲಿಲ್ಲ.

"ಆಗ್ತಾ ಉಂಟು ಅಂತ ಹೇಳಿ."