ಕೆಂಪು ಚುಕ್ಕೆ

ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬೆಸುಗೆ ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಅದರ ಮೇಲೆ ಅಮ್ಮನ ನೇಲ್ ಪಾಲಿಶಿನಿಂದ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. "ನನ್ನ ಉಗುರಿಗಿಂತ ರೇಡಿಯೋಗೇ ಸಿಂಗಾರ ಜಾಸ್ತಿ" ಎಂದು ಅಮ್ಮ ಗೊಣಗುತ್ತಿದ್ದಳು. ನನ್ನ ಬೆಸುಗೆ ನೋಡಿ ಅಪ್ಪ "ಇನ್ನೊಂದ್ಸಲ ಮಾಡು" ಅಂದವರೇ ಹೊರತು ಒಮ್ಮೆಯೂ ಚುಕ್ಕೆ ಇಟ್ಟವರಲ್ಲ.

ಅವರು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, ಮನೆಯ ಹಳೇ ವಾಲ್ವ್ ರೇಡಿಯೋವನ್ನು ನಾನೇ ಬಿಚ್ಚಿ, ಸತ್ತ ಕೆಪಾಸಿಟರ್‌ಗಳನ್ನೆಲ್ಲ ಕಿತ್ತು ಹೊಸದು ಕೂರಿಸಿದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಬಾಗಿಲಲ್ಲೇ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಬೆಸುಗೆಗಳ ಮೇಲೆಲ್ಲ ಕೆಂಪು ಚುಕ್ಕೆ. ಒಂದರ ಮೇಲೆ ಮಾತ್ರ ಇರಲಿಲ್ಲ. ಮುಟ್ಟಿ ನೋಡಿದೆ, ಅಲ್ಲಿ ತಂತಿ ಸಡಿಲವಾಗಿ ಅಲ್ಲಾಡಿತು.

"ಅಮ್ಮಾ, ಇದು ನೀನಾ ಹಚ್ಚಿದ್ದು?"

"ಅವರು ಹೋದ್ಮೇಲೆ ನಾನ್ಯಾವಾಗ ಅದನ್ನ ಮುಟ್ಟಿದ್ದೀನಿ?" ಎಂದು ಅಮ್ಮ ಕಪಾಟಿನಿಂದ ಶೀಶೆ ತಂದು ಕೊಟ್ಟಳು. ಪಾಲಿಶ್ ಒಣಗಿ ಕಲ್ಲಾಗಿತ್ತು. ಮುಚ್ಚಳ ತಿರುಗಲೇ ಇಲ್ಲ.

ನಾನು ಆ ತಂತಿಯನ್ನು ಇನ್ನೊಂದು ಸಲ ಬೆಸೆದು, ಕೈ ತೊಳೆದು ಬಂದೆ.

ಅದರ ಮೇಲೂ ಚುಕ್ಕೆ ಇತ್ತು. ಬೆರಳು ತಾಗಿಸಿದೆ. ಕೆಂಪು ಬೆರಳಿಗೆ ಅಂಟಿತು.