ಅಮ್ಮನ ಬಿಸಿನೀರಿನ ಟ್ರೇ

"ಹಬೆಯಾಡೋ ನೀರನ್ನ ಯಾರಾದ್ರೂ ಫ್ರೀಜರಲ್ಲಿ ಇಡ್ತಾರೇನ್ರೀ?"

ಜ್ಯೂಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೇ ಫ್ರೀಜರಿನ ಮುಂದೆ ಮಂಡಿಯೂರಿದ್ದ ಮೆಕ್ಯಾನಿಕ್ ನಕ್ಕೇಬಿಟ್ಟ. ಕೌಂಟರಿನ ಬಳಿಯಿದ್ದ ಗಿರಾಕಿಗಳೂ ನಕ್ಕರು. ಐಸ್ ಟ್ರೇ ಹಿಡಿದು ನಿಂತಿದ್ದ ಅಂಗಡಿಯವರ ಮಗಳ ಮುಖ ಕೆಂಪಾಯಿತು.

"ಬಿಸಿನೀರೇ ಬೇಗ ಗಟ್ಟಿಯಾಗೋದು. ನಮ್ಮಮ್ಮ ಹಾಗೇ ಮಾಡ್ತಿದ್ರು."

"ಹಾಗಿದ್ರೆ ನಿಮ್ಮಮ್ಮನ್ನೇ ಕರೀರಿ, ಕೇಳೋಣ."

ಕರೆಯಲು ಅಮ್ಮ ಇರಲಿಲ್ಲ. ಹೋದ ವರ್ಷ ತೀರಿಕೊಂಡಿದ್ದರು. ಗಲ್ಲಾದಲ್ಲಿ ಕೂತಿದ್ದ ಅಪ್ಪ ಅದನ್ನು ಮೆಲ್ಲಗೆ ತಿಳಿಸಿದಾಗ ಅವನ ನಗು ಅಲ್ಲೇ ಇಂಗಿಹೋಯಿತು. ತಪ್ಪಾಯಿತು ಎಂದ ಆ ದನಿ ಅವಳಿಗೆ ಇಷ್ಟವಾಗಬಾರದಿತ್ತು... ಆದರೂ ಆಯಿತು!

ತಪ್ಪು ತಿದ್ದಿಕೊಳ್ಳುವವನ ಹಾಗೆ ಅವನು ಫ್ರೀಜರಿನಲ್ಲಿ ದಪ್ಪಗೆ ಕಟ್ಟಿದ್ದ ಮಂಜನ್ನೆಲ್ಲ ಕರಗಿಸಿ, ಒರೆಸಿ, ಕನ್ನಡಿಯಂತೆ ಮಾಡಿಕೊಟ್ಟ. ಆಮೇಲೆ ನೆಪ ಹುಡುಕಿಕೊಂಡು ಬರತೊಡಗಿದ. ಒಂದು ದಿನ ಗ್ಯಾಸ್ ನೋಡಬೇಕೆಂದ, ಇನ್ನೊಂದು ದಿನ ಬಾಗಿಲಿನ ರಬ್ಬರ್ ಸಡಿಲವಾಗಿದೆಯೆಂದ. ಅಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದರು.

ಅವಳ ಮನಸ್ಸು ಮಾತ್ರ ಟ್ರೇಗಳಲ್ಲೇ ಇತ್ತು. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಈಗ ಪ್ರತಿ ಸಲವೂ ತಣ್ಣೀರೇ ಗೆಲ್ಲುತ್ತಿತ್ತು. ಹಾಗಾದರೆ ಅಮ್ಮ ಹೇಳಿಕೊಟ್ಟದ್ದು ಸುಳ್ಳೇ? ಅಮ್ಮನಿಂದ ಉಳಿದದ್ದೇ ಇಂಥ ಒಂದಿಷ್ಟು ಮಾತು... ಅದೂ ಹೋಯಿತೇ?

"ನೀವೇ ಗೆದ್ರಿ. ಇನ್ಮೇಲೆ ನಗೋಕೆ ಬರಬೇಡಿ," ಎಂದುಬಿಟ್ಟಳು ಒಂದು ದಿನ.

ನಗುವುದಕ್ಕಲ್ಲ ತಾನು ಬರುತ್ತಿದ್ದದ್ದು ಎನ್ನಲು ಅವನು ಬಾಯಿ ತೆರೆದ. ಕೊನೆಗೆ ಸಲಕರಣೆಯ ಚೀಲ ಎತ್ತಿಕೊಂಡು ಹೊರಟ. ಹೋದವನು ಬರಲೇ ಇಲ್ಲ.

ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಅವಳು ಕತ್ತೆತ್ತಿ ನೋಡಿದಳು. ನಾನೇ ಓಡಿಸಿದೆನಲ್ಲ... ಫ್ರೀಜರ್ ಒರೆಸುವ ಮನಸ್ಸೂ ಬರಲಿಲ್ಲ. ಮಂಜು ಮತ್ತೆ ದಪ್ಪಗೆ ಕಟ್ಟಿಕೊಂಡಿತು.

ಒಂದು ಮಧ್ಯಾಹ್ನ ಅವನು ಬಂದ. ನೇರವಾಗಿ ಹೋಗಿ ಫ್ರೀಜರ್ ತೆರೆದು ಇಣುಕಿದ, ಮುಖ ಅರಳಿತು. ಬಿಸಿಯದೊಂದು, ತಣ್ಣನೆಯದೊಂದು ಟ್ರೇ ಕೇಳಿ ಪಡೆದು ಒಳಗಿಟ್ಟ. ಇಬ್ಬರೂ ಮಗುಚಿದ ಕ್ರೇಟುಗಳ ಮೇಲೆ ಕೂತು ಕಾದರು.

ತೆರೆದಾಗ ತಣ್ಣೀರಿನ ಟ್ರೇ ಇನ್ನೂ ತುಳುಕುತ್ತಿತ್ತು. ಬಿಸಿನೀರಿನದು ಗಟ್ಟಿಯಾಗಿತ್ತು, ಎಳೆದರೂ ಮೇಲೇಳಲಿಲ್ಲ.

"ಬಿಸಿ ಟ್ರೇ ಅಡಿಯಲ್ಲಿರೋ ಮಂಜನ್ನ ಕರಗಿಸ್ಕೊಂಡು ತಳಕ್ಕೇ ಅಂಟಿ ಕೂರುತ್ತೆ. ತಣ್ಣಗಿರೋದು ಮಂಜಿನ ಮೇಲೇ ಉಳಿಯುತ್ತೆ, ಕಂಬಳಿ ಮೇಲೆ ಇಟ್ಟ ಹಾಗೆ. ತಂಪು ಸರಿಯಾಗಿ ತಾಗಲ್ಲ," ಎಂದ ಅವನು. "ಈ ಫ್ರೀಜರಲ್ಲಿ ನಿಮ್ಮಮ್ಮ ಹೇಳಿದ್ದೇ ನಿಜ. ಮಂಜು ಒರೆಸಿ ಕೆಡಿಸಿದ್ದು ನಾನು. ಇಲ್ಲಿಂದ ಹೋದ್ಮೇಲೆ ಹೊಳೀತು."

ಅಮ್ಮ ಸುಳ್ಳು ಹೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಿತ್ತಾ?"

"ಬಾಯಲ್ಲಿ ಹೇಳಿದ್ರೆ ನಂಬ್ತಿದ್ರಾ? ಮಂಜು ಕಟ್ಟಲಿ ಅಂತ ಕಾದೆ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ದಿನಾ ಬಂದು ಬಾಗಿಲು ತೆಗೆದು ನೋಡಿದ್ರೆ ಇನ್ನೂ ಬೇಗ ಕಟ್ತಿತ್ತು. ಮೆಕ್ಯಾನಿಕ್ಕಿಗೆ ಅಷ್ಟೂ ಗೊತ್ತಿಲ್ವಾ?"

"ಗೊತ್ತಿತ್ತು. ಬಂದ್ರೆ ನೀವು ಒಳಗೆ ಕರೀತೀರೋ ಇಲ್ವೋ ಅಂತ ಭಯ..." ಅವನ ದನಿ ತಗ್ಗಿತು. "ನಂಗೆ ನೀವಂದ್ರೆ ತುಂಬಾ ಇಷ್ಟ."

ಅವಳು ಫ್ರೀಜರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

"ನಾಳೆನೂ ಬನ್ನಿ."

"ಯಾಕೆ, ಫ್ರೀಜರಿಗೇನಾಗಿದೆ?"

"ಏನೂ ಆಗಿಲ್ಲ. ಆದ್ರೂ ಬನ್ನಿ."