ಬೆಳ್ಳಕ್ಕಿಯ ಕರಿಹಲಗೆ

ಕಡಲು ಇನ್ನೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಅಲೆಯೂರು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ದೋಣಿಗಳಿಗೆ ಜೀವವಿತ್ತು. ಒಳ್ಳೆಯವರು ಹತ್ತಿದರೆ ತೇಲುತ್ತಿದ್ದವು, ಕೆಟ್ಟವರು ಹತ್ತಿದರೆ ಮೈ ಕೊಡವಿ ನೀರಿಗೆ ಬೀಳಿಸುತ್ತಿದ್ದವು. ಅಲ್ಲಿ ರತ್ನಕೇತು ಎಂಬ ರಾಜ ಆಳುತ್ತಿದ್ದ.

ಆ ರಾಜ್ಯದ ದೋಣಿ ಕಟ್ಟುವ ಬಡಗಿಯ ಹೆಸರು ಕಾಂತಣ್ಣ. ಅವನಿಗೆ ಇಬ್ಬರು ಮಕ್ಕಳು. ದೊಡ್ಡವನು ದೂಮ, ಚಿಕ್ಕವಳು ಚಂದು. ದೂಮನ ತೋಳಿನಲ್ಲಿ ಬಲವಿತ್ತು, ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಚಂದು ಹಲಗೆಯ ಮೇಲೆ ಅಂಗೈ ಇಟ್ಟರೆ ಸಾಕು, ಮರ ಅವಳೊಡನೆ ಮಾತಾಡುತ್ತಿತ್ತು. ಎಲ್ಲಿ ಗಂಟಿದೆ, ಎಲ್ಲಿ ಹುಳ ಹೊಕ್ಕಿದೆ, ಎಲ್ಲಿ ಬಿರುಕು ಬಿಡಲಿದೆ ಎಂದು ಅದೇ ಹೇಳುತ್ತಿತ್ತು.

ಅಪ್ಪ ಯಾವ ಕೆಲಸಕ್ಕೂ ಮೊದಲು ಕರೆಯುತ್ತಿದ್ದದ್ದು ಚಂದುವನ್ನು. ದೂಮ ಒಂದು ಹಾಯಿಕಂಬವನ್ನು ಕೀಸಿ ಕೀಸಿ ಕನ್ನಡಿಯ ಹಾಗೆ ಮಾಡಿದಾಗ ಕಾಂತಣ್ಣ ನೋಡಿ, ಆಯಿತು, ಇನ್ನು ಎತ್ತಿ ನಿಲ್ಲಿಸು ಎಂದಷ್ಟೇ ಹೇಳಿದ. ಅದೇ ವಾರ ಚಂದು ಮಾಡಿದ ಹುಟ್ಟನ್ನು ಅಕ್ಕಪಕ್ಕದವರಿಗೆಲ್ಲ ಕರೆದು ತೋರಿಸಿದ. ಅಂದು ಊಟಕ್ಕೆ ಕೂತ ದೂಮ ತಟ್ಟೆ ಸರಿಸಿದ. ಹೊಟ್ಟೆನೋವು ಎಂದು ಸುಳ್ಳು ಹೇಳಿ ಎದ್ದುಹೋದ.

ಅಲೆಯೂರಿನಿಂದ ದೂರ, ಕಡಲ ನಡುವಿನ ಕರಿಬಂಡೆಯಲ್ಲಿ ಕಾವಳ ಎಂಬ ಮಾಂತ್ರಿಕನಿದ್ದ. ಅವನಿಗೆ ಸೊಂಟದಿಂದ ಮೇಲೆ ಮಾತ್ರ ಮೈ, ಕೆಳಗೆ ಬರೀ ಮಂಜು. ನೀರಿನ ಮೇಲೆ ಮಾತ್ರ ಓಡಾಡುತ್ತಿದ್ದ, ನೆಲಕ್ಕೆ ಕಾಲಿಡಲು ಅವನಿಗೆ ಕಾಲೇ ಇರಲಿಲ್ಲ. ಯಾವ ದೋಣಿಯೂ ಅವನನ್ನು ಹತ್ತಿಸಿಕೊಂಡಿರಲಿಲ್ಲ. ಬಿಳಿಹಾಯಿ ಬಿಚ್ಚಿಕೊಂಡು ಹೋಗುವ ದೋಣಿಗಳನ್ನು ಕಂಡಾಗಲೆಲ್ಲ ಅವನ ಎದೆ ಉರಿಯುತ್ತಿತ್ತು. ಒಂದು ದಿನ ಆ ಉರಿ ತಡೆಯಲಾರದೆ ಅವನು ಬಾಯಿ ತೆರೆದು ಊದಿದ. ಕಡಲ ತುಂಬ ಮಂಜು ಹಬ್ಬಿತು. ಮೀನಿಗೆ ಹೋಗಿದ್ದ ದೋಣಿಗಳೆಲ್ಲ ಅದರೊಳಗೆ ಸಿಕ್ಕಿಬಿದ್ದವು. ಹೊಸ ದೋಣಿಯೊಂದನ್ನು ಪರೀಕ್ಷಿಸಲು ಹೋಗಿದ್ದ ಕಾಂತಣ್ಣನೂ ಅಲ್ಲೇ ಸಿಕ್ಕಿಬಿದ್ದ. ದಡದಲ್ಲಿ ನಿಂತವರಿಗೆ ಮಂಜಿನೊಳಗಿಂದ, ಸಿಕ್ಕಿಬಿದ್ದವರು ಊದುವ ಶಂಖದ ದನಿ ಕೇಳುತ್ತಿತ್ತು. ದಿನದಿಂದ ದಿನಕ್ಕೆ ಆ ದನಿ ಸಣ್ಣದಾಗುತ್ತಿತ್ತು, ಏಕೆಂದರೆ ಅವರ ಬಳಿ ಕುಡಿಯುವ ನೀರು ಮುಗಿಯುತ್ತ ಬಂದಿತ್ತು.

ಮಂಜನ್ನು ದಾಟಬಲ್ಲದ್ದು ಒಂದೇ ಒಂದು ದೋಣಿ, ರಾಜನ ಅಜ್ಜಿಯದು. ಅದರ ಹೆಸರು ಬೆಳ್ಳಕ್ಕಿ. ಒಂದೇ ಹಾಯಿಯ ಪುಟ್ಟ ದೋಣಿ, ಆದರೆ ಕಣ್ಣು ಕಟ್ಟಿದರೂ ದಾರಿ ತಪ್ಪದು. ಅರಮನೆಯ ದೋಣಿಮನೆಯಲ್ಲಿ ಅದು ಹಳೆಯದಾಗಿ ಮಲಗಿತ್ತು. ತಳ ಗಟ್ಟಿಯಿತ್ತು, ಪಕ್ಕೆ ಗಟ್ಟಿಯಿತ್ತು. ಕೆಟ್ಟದ್ದು ಅದರ ಅಟ್ಟ. ದೋಣಿಯ ಮೇಲೆ, ನಿಂತು ಹಾಯಿ ಎಳೆಯುವ ಜಾಗದಲ್ಲಿ ಹಾಸಿದ ಹಲಗೆಗಳಿಗೆ ಅಲ್ಲಿನವರು ಅಟ್ಟ ಎನ್ನುತ್ತಿದ್ದರು. ಬಿಸಿಲು ತಿಂದು, ಉಪ್ಪು ತಿಂದು ಆ ಹಲಗೆಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಹೆಜ್ಜೆ ಇಟ್ಟಲ್ಲಿ ಕಾಲು ಹೂತುಹೋಗುತ್ತಿತ್ತು. ಅಟ್ಟ ಗಟ್ಟಿಯಿಲ್ಲದಿದ್ದರೆ ಹಾಯಿಕಂಬ ನಿಲ್ಲದು, ಮೊದಲ ದೊಡ್ಡ ಅಲೆಗೇ ದೋಣಿ ತುಂಬಿಹೋಗುತ್ತದೆ.

ರತ್ನಕೇತು ಕಾಂತಣ್ಣನ ಮಕ್ಕಳನ್ನು ಕರೆಸಿದ. ಚಂದು ಬೆಳ್ಳಕ್ಕಿಯ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿದಳು. ಅಟ್ಟಕ್ಕೆ ಮರಹುಲಿ ಕಾಯುವ ಹೊನ್ನೆಯ ಹಲಗೆ ಬೇಕು, ಸಂದಿಗೆ ತುಂಬಲು ರಾಕ್ಷಸ ಏಡಿಯ ಹಿನ್ನೀರಲ್ಲಿ ನೆನೆದ ನಾರು ಬೇಕು, ಅದರ ಮೇಲೆ ಹೊಯ್ಯಲು ಬೆಂಕಿಹಾವಿನ ಬಂಡೆಯ ರಾಳ ಬೇಕು ಎಂದು ದೋಣಿ ಹೇಳಿತು. ರಾಜ ಆ ಕೆಲಸಕ್ಕೆ ಚಂದುವೇ ಯಜಮಾನಿ ಎಂದ. ಆಮೇಲೆ ದೂಮನ ಕಡೆ ತಿರುಗಿ, ನೀನು ತಂಗಿಗೆ ಕೈಯಾಳಾಗಿರು ಎಂದ.

ಕೈಯಾಳು ಎಂಬ ಮಾತು ದೂಮನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಮೊದಲು ಹೊನ್ನೆಯ ಕಾಡಿಗೆ ಹೋದರು. ಚಂದು ಮರಗಳನ್ನು ಮುಟ್ಟುತ್ತ ಹೋಗಿ ಒಂದು ಮರವನ್ನು ತೋರಿಸಿದಳು. ಅದರ ಹಿಂದಿನಿಂದ ಮರಹುಲಿ ಹೊರಬಂತು. ಅದರ ಮೈಯೆಲ್ಲ ತೊಗಟೆ, ಹಲ್ಲೆಲ್ಲ ಉಳಿ. ದೂಮ ಅದರ ಮೇಲೆ ಬಿದ್ದು, ಕುತ್ತಿಗೆ ಅವುಚಿ ನೆಲಕ್ಕೆ ಕೆಡವಿದ. ಅವನ ಭುಜದ ಚರ್ಮ ಸುಲಿದುಹೋಯಿತು. ಸೋತ ಹುಲಿ ದಾರಿಬಿಟ್ಟಿತು. ಹಲಗೆಗಳನ್ನು ಹೊತ್ತು ಬಂದಾಗ ಊರವರು ಹೂವಿನ ಹಾರ ಹಾಕಿದ್ದು ಚಂದುವಿನ ಕೊರಳಿಗೆ.

ಆಮೇಲೆ ಹಿನ್ನೀರಿಗೆ ಹೋದರು. ನಾರು ಎಲ್ಲಿ ಹೂತಿದೆ ಎಂದು ಚಂದು ದಡದಲ್ಲಿ ನಿಂತು ಹೇಳಿದಳು. ದೂಮ ಮುಳುಗಿದ. ಗುಡಿಸಲಿನಷ್ಟು ದೊಡ್ಡ ಏಡಿ ಅವನ ಕಾಲನ್ನು ಇಕ್ಕಳದಂಥ ಕೊಂಬಿನಲ್ಲಿ ಹಿಡಿಯಿತು. ಉಸಿರು ಕಟ್ಟಿ ಕಣ್ಣು ಕತ್ತಲಾಗುತ್ತಿದ್ದರೂ ಅವನು ಕೊಂಬನ್ನು ಅಗಲಿಸಿ ಬಿಡಿಸಿಕೊಂಡು ನಾರಿನ ಮೂಟೆಯೊಡನೆ ಮೇಲೆ ಬಂದ. ಊರವರು ಹಾರ ಹಾಕಿದ್ದು ಚಂದುವಿನ ಕೊರಳಿಗೆ.

ಕೊನೆಗೆ ಬೆಂಕಿಹಾವಿನ ಬಂಡೆಗೆ ಹೋದರು. ಹಾವು ಯಾವಾಗ ಕಣ್ಣು ಮುಚ್ಚುತ್ತದೆಂದು ರಾಳದ ಮರವನ್ನೇ ಕೇಳಿ ಚಂದು ಸನ್ನೆ ಮಾಡಿದಳು. ದೂಮ ಕಾದ ಬಂಡೆ ಹತ್ತಿ, ಹಾವಿನ ಸುರುಳಿಗಳ ನಡುವೆ ಕಾಲಿಟ್ಟು ರಾಳ ಕೆತ್ತಿ ತಂದ. ಅವನ ಅಂಗೈ ಎರಡೂ ಬೊಬ್ಬೆ ಎದ್ದಿದ್ದವು. ಆಗಲೂ ಹಾರ ಚಂದುವಿನ ಕೊರಳಿಗೇ ಬಿತ್ತು. ಅವಳು ಮುಜುಗರಪಟ್ಟು, ಅಣ್ಣ ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿದಳು. ಜನ ಅದನ್ನು ಕೇಳಿ, ಎಂಥ ದೊಡ್ಡ ಮನಸ್ಸು ಈ ಹುಡುಗಿಯದು ಎಂದು ಅವಳನ್ನೇ ಇನ್ನಷ್ಟು ಹೊಗಳಿದರು. ದೂಮನಿಗೆ ಅಂಗೈಯ ಉರಿಗಿಂತ ಅದೇ ಹೆಚ್ಚು ಉರಿಯಿತು.

ಅಟ್ಟದ ಕೆಲಸ ಶುರುವಾಯಿತು. ಇಬ್ಬರೂ ಸೇರಿ ಕೊಳೆತ ಹಲಗೆಗಳನ್ನು ಕಿತ್ತರು, ಗಟ್ಟಿಯಿದ್ದವನ್ನು ಹಾಗೇ ಉಳಿಸಿ ಬೂದು ಬಣ್ಣ ಹೋಗುವ ತನಕ ಕೆರೆದರು. ಕೆಳಗಿನಿಂದ ಜೇನುಬಣ್ಣದ ಮರ ಮತ್ತೆ ಹೊರಬಂತು. ಹೊನ್ನೆಯನ್ನು ಅಳತೆಗೆ ಕೊಯ್ದು ಕೂರಿಸಿದರು. ಚಂದು ಒಂದೊಂದು ಹಲಗೆಯನ್ನೂ ಮುಟ್ಟಿ, ಇದರ ಮೊಗ ಆ ಕಡೆಗಿರಲಿ, ಇದನ್ನು ಕೂದಲೆಳೆಯಷ್ಟು ಕೀಸು ಎನ್ನುತ್ತಿದ್ದಳು. ಅವಳು ಹೇಳಿದ್ದು ಪ್ರತಿ ಸಲವೂ ಸರಿಯಾಗಿರುತ್ತಿತ್ತು. ಒಂದು ಸಲವಾದರೂ ತಪ್ಪಬಾರದೇ ಎಂದು ದೂಮ ಹಲ್ಲುಕಚ್ಚಿಕೊಂಡು ಕೀಸುತ್ತಿದ್ದ.

ಹಾಯಿಕಂಬದ ಬುಡದಲ್ಲಿ ಇನ್ನೊಂದೇ ಹಲಗೆ ಬಾಕಿಯಿದ್ದಾಗ, ಒಂದು ಬೆಳಿಗ್ಗೆ ದೂಮ ಕೈ ತೊಳೆಯಲು ನೀರಿನ ಅಂಚಿಗೆ ಹೋದ. ಅಲ್ಲಿ ನೀರಿನ ಮೇಲೆ ಕಾವಳ ತೇಲುತ್ತಿದ್ದ. ಅವನ ಕೈಯಲ್ಲಿ ಒಂದು ಕರಿಹಲಗೆಯಿತ್ತು.

ದೂಮ ಉಳಿ ಎತ್ತಿದ. ಕಾವಳ ಹೆದರಲಿಲ್ಲ. ಅವನ ದನಿ ಮೆತ್ತಗಿತ್ತು.

"ಹುಲಿಯನ್ನು ಕೆಡವಿದ್ದು ಯಾರು ದೂಮ? ಮುಳುಗಿದ್ದು ಯಾರು? ಕೈ ಸುಟ್ಟುಕೊಂಡದ್ದು ಯಾರು?"

ದೂಮ ಉಳಿಯನ್ನು ಕೆಳಗಿಳಿಸಿದ. ಇಷ್ಟು ದಿನ ಯಾರಾದರೂ ಕೇಳಲಿ ಎಂದು ಅವನು ಕಾಯುತ್ತಿದ್ದ ಮಾತು ಅದೇ ಆಗಿತ್ತು.

ಈ ಹಲಗೆಯನ್ನು ಹಾಯಿಕಂಬದ ಬುಡಕ್ಕೆ ಕೂರಿಸಿದರೆ ಬೆಳ್ಳಕ್ಕಿ ನಿನ್ನ ಮಾತು ಮಾತ್ರ ಕೇಳುತ್ತದೆ, ತಂಗಿಯ ಅಂಗೈ ಮೂಕವಾಗುತ್ತದೆ, ಅಪ್ಪನನ್ನು ನೀನೇ ಕರೆತರಬಹುದು ಎಂದು ಮಾಂತ್ರಿಕ ಹೇಳಿದ. ಮಂಜು ಹಬ್ಬಿಸಿದವನೇ ಇವನು ಎಂದು ದೂಮನಿಗೆ ಗೊತ್ತಿತ್ತು. ಗೊತ್ತಿದ್ದೂ ಹಲಗೆ ತೆಗೆದುಕೊಂಡ. ಚಂದು ರಾಳ ಕಾಯಿಸುತ್ತಿದ್ದಾಗ ಅದನ್ನು ಕೂರಿಸಿ, ಮೇಲೆ ಹೊನ್ನೆಯ ಪುಡಿ ಉಜ್ಜಿ ಬಣ್ಣ ಮರೆಸಿದ.

ಸಂದಿಗಳಿಗೆ ನಾರು ತುರುಕಿ, ಕೊಡತಿಯಿಂದ ಬಡಿದು, ಎಣ್ಣೆ ಬೆರೆಸಿದ ಬಿಸಿ ರಾಳ ಹೊಯ್ದರು. ಅಟ್ಟ ಹೊಸದರ ಹಾಗೆ ಹೊಳೆಯಿತು. ಚಂದು ಅದರ ಮೇಲೆ ಅಂಗೈ ಇಟ್ಟಳು. ಏನೂ ಕೇಳಿಸಲಿಲ್ಲ. ಇನ್ನೊಂದು ಕೈ ಇಟ್ಟಳು. ಕೆನ್ನೆ ಇಟ್ಟಳು. ಆಮೇಲೆ ಅಲ್ಲೇ ಕುಸಿದು ಕೂತು, ತನ್ನ ಕೈಗೆ ಏನಾಯಿತೋ ಎಂದು ಅತ್ತಳು. ದೂಮ ಅವಳ ಅಳುವನ್ನು ನೋಡುತ್ತ ನಿಂತ. ಅವನಿಗೆ ಸಂತೋಷವಾಯಿತು. ಆ ಸಂತೋಷ ಬಾಯಲ್ಲಿ ತುಕ್ಕಿನ ರುಚಿಯ ಹಾಗಿತ್ತು, ಆದರೂ ಅವನು ಅದನ್ನು ಉಗುಳಲಿಲ್ಲ.

ಶಂಖದ ದನಿ ಅಂದು ಕೇಳಿಸಲೇ ಇಲ್ಲ. ಇನ್ನು ತಡಮಾಡುವಂತಿಲ್ಲ ಎಂದು ರಾಜ ನೀರಿನ ಕೊಡಗಳನ್ನು ತುಂಬಿಸಿ ಇಬ್ಬರನ್ನೂ ಕಳಿಸಿಕೊಟ್ಟ. ದೂಮ ಚುಕ್ಕಾಣಿ ಹಿಡಿದ. ಬೆಳ್ಳಕ್ಕಿ ಅವನ ಮಾತು ಕೇಳಿತು. ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಮಂಜಿನೊಳಗೆ ಹೊಕ್ಕ ಮೇಲೆ ಮಾತ್ರ ಅದು ಕೇಳುವುದನ್ನು ಬಿಟ್ಟಿತು. ಕರಿಹಲಗೆ ನೀರಿನ ಕೆಳಗಿನಿಂದ ಯಾರೋ ಹಗ್ಗ ಕಟ್ಟಿ ಎಳೆದಂತೆ ದೋಣಿಯನ್ನು ಎಳೆದುಕೊಂಡು ಹೋಗಿ ಕರಿಬಂಡೆಗೆ ತಾಗಿಸಿತು.

ಬಂಡೆಯ ಪಕ್ಕದ ನೀರಿನಲ್ಲಿ ಕಾವಳ ಕಾಯುತ್ತಿದ್ದ. ಅವನು ದೋಣಿಗೆ ಏರಿ ಕರಿಹಲಗೆಯ ಮೇಲೆ ನಿಂತ. ನಿಂತದ್ದೇ ತಡ, ಮಂಜಿದ್ದಲ್ಲಿ ಅವನಿಗೆ ಕಾಲು ಮೂಡಿತು. ಬೆಳ್ಳಕ್ಕಿ ಮೈ ಕೊಡವಿತು, ನರಳಿತು, ಆದರೆ ಬೀಳಿಸಲಾಗಲಿಲ್ಲ. ಆ ಹಲಗೆ ಅವನದಾಗಿತ್ತು.

"ಈಗ ಎಲ್ಲ ದಡವೂ ನನ್ನದು," ಎಂದ ಕಾವಳ. "ನಿನ್ನ ಹೊಟ್ಟೆಕಿಚ್ಚು ನನ್ನದಕ್ಕಿಂತ ಚಿಕ್ಕದೇನಲ್ಲ ದೂಮ. ನನ್ನ ಜೊತೆಯೇ ಇರು. ನಿನ್ನ ಅಪ್ಪ ನೀರಿಲ್ಲದೆ ಸಾಯಲಿ. ಅವನು ನಿನಗೆ ಏನು ಕೊಟ್ಟ?"

ಚಂದು ಅಣ್ಣನ ಮುಖ ನೋಡಿದಳು. ಯಾವ ಮರವನ್ನೂ ಮುಟ್ಟದೆ ಅವಳಿಗೆ ಎಲ್ಲ ತಿಳಿಯಿತು. ದೂಮ ಮಾಂತ್ರಿಕನ ಮುಖ ನೋಡಿದ. ಆ ಮುಖದಲ್ಲಿ ತನ್ನದೇ ಕಣ್ಣುಗಳಿವೆ ಎನಿಸಿ ಅವನಿಗೆ ಹೇಸಿಗೆಯಾಯಿತು. ಅಪ್ಪನ ಒಣಗಿದ ತುಟಿ ಕಣ್ಣಮುಂದೆ ಬಂತು. ಅವನು ಮರ ಕೆತ್ತುವ ಬಾಚಿಯನ್ನು ಎತ್ತಿ ಹಾಯಿಕಂಬದ ಬುಡಕ್ಕೆ ಬಡಿದ. ಒಂದು ಏಟಿಗೆ ರಾಳ ಸಿಡಿಯಿತು. ಎರಡನೆಯದಕ್ಕೆ ನಾರು ಕಿತ್ತುಬಂತು. ಮೂರನೆಯದಕ್ಕೆ ಕರಿಹಲಗೆ ಎದ್ದು ಹಾರಿ ಕಡಲಿಗೆ ಬಿತ್ತು. ಅದರೊಡನೆ ಕಾವಳನೂ ಬಿದ್ದ. ಹೊಸ ಕಾಲುಗಳಿಗೆ ಈಜು ಗೊತ್ತಿರಲಿಲ್ಲ. ಅವನು ಉಪ್ಪಿನ ಹಾಗೆ ನೀರಿನಲ್ಲಿ ಕರಗಿಹೋದ.

ಆದರೆ ಮಂಜು ಒಮ್ಮೆಲೇ ಹೋಗಲಿಲ್ಲ, ಮೆಲ್ಲಗೆ ಚದುರತೊಡಗಿತು. ಅಟ್ಟದಲ್ಲಿ ಆಳುದ್ದದ ತೆರಪು ಬಿದ್ದಿತ್ತು. ಕಂಬ ವಾಲಿತು. ಅಲೆ ಬಂದು ಒಳಗೆ ಸುರಿಯಿತು.

"ಕರಿಹಲಗೆ ಕೂರಿಸಿದ್ದು ನಾನು," ಎಂದ ದೂಮ. "ನಿನ್ನ ಕೈ ಮೂಕವಾಗಲಿ ಅಂತಲೇ ಕೂರಿಸಿದೆ."

ಚಂದು ಚುಕ್ಕಾಣಿಯ ಹತ್ತಿರ ಸರಿದಳು. "ಅಪ್ಪ ಸಿಗಲಿ. ಆಮೇಲೆ ನಿನ್ನ ಹತ್ತಿರ ಮಾತಾಡುತ್ತೇನೆ ಅಣ್ಣ. ಈಗ ಆಗಲ್ಲ," ಎಂದು ಅಂಗೈಯನ್ನು ಅಟ್ಟದ ಮೇಲೆ ಊರಿದಳು. ಬೆಳ್ಳಕ್ಕಿ ಮತ್ತೆ ಮಾತಾಡಿತು. ಅವಳು ಚುಕ್ಕಾಣಿ ತಿರುಗಿಸಿದಳು.

ದೂಮ ಆ ತೆರಪಿಗೆ ತಾನೇ ಅಡ್ಡ ಮಲಗಿದ. ಕಂಬದ ಬುಡವನ್ನು ಎರಡೂ ತೋಳಿನಲ್ಲಿ ತಬ್ಬಿ ನೆಟ್ಟಗೆ ಹಿಡಿದ. ಅಲೆಗಳು ಅವನ ಬೆನ್ನಿಗೆ ಬಡಿದವು, ಸುಲಿದ ಭುಜಕ್ಕೆ ಉಪ್ಪು ಇಳಿಯಿತು. ಹಲಗೆ ಇರಬೇಕಾದ ಜಾಗದಲ್ಲಿ ಅವನ ಬೆನ್ನಿತ್ತು. ಎಷ್ಟು ಹೊತ್ತೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಯಾರೋ ಕೆಮ್ಮಿದ ಸದ್ದು ಕೇಳಿಸಿತು. ತಲೆಯೆತ್ತಿದರೆ ಎದುರಿಗೆ ದೋಣಿಗಳ ಸಾಲಿತ್ತು, ಮೊದಲ ದೋಣಿಯಲ್ಲಿ ಕಾಂತಣ್ಣನಿದ್ದ.

ಚಂದು ದೋಣಿಯಿಂದ ದೋಣಿಗೆ ದಾಟಿ ಎಲ್ಲರ ಬಾಯಿಗೂ ನೀರು ಬಿಟ್ಟಳು. ಮಂಜು ಪೂರ್ತಿ ಹರಿದು ಬಿಸಿಲು ಬಂತು. ಬೆಳ್ಳಕ್ಕಿ ಮುಂದೆ, ಉಳಿದ ದೋಣಿಗಳು ಹಿಂದೆ, ಎಲ್ಲ ಅಲೆಯೂರಿನ ದಡ ಸೇರಿದವು.

ದಡದಲ್ಲಿ ಜನ ಹಾರ ಹಿಡಿದು ನಿಂತಿದ್ದರು. ಈ ಸಲ ಒಂದು ಹಾರ ದೂಮನಿಗೂ ಇತ್ತು. ಅವನು ಅದನ್ನು ಹಾಕಿಸಿಕೊಳ್ಳಲಿಲ್ಲ. ಅಪ್ಪನ ಮುಂದೆ, ರಾಜನ ಮುಂದೆ, ತಾನು ಮಾಡಿದ್ದನ್ನೆಲ್ಲ ಹೇಳಿದ. ರಾಜ ಚಂದುವಿನ ಕಡೆ ನೋಡಿದ, ತೀರ್ಪು ನಿನ್ನದು ಎನ್ನುವ ಹಾಗೆ. ಚಂದು ಅಟ್ಟದ ತೆರಪಿನ ಕಡೆ ಕೈ ತೋರಿದಳು. ಆಮೇಲೆ, ಕಿತ್ತವನೇ ಹೊಸ ಹಲಗೆ ಕೂರಿಸಲಿ, ಅಲ್ಲಿಯ ತನಕ ಬೆಳ್ಳಕ್ಕಿಯನ್ನು ಬೇರೆ ಯಾರೂ ಮುಟ್ಟಬಾರದು ಎಂದಳು. ಹೇಳುವಾಗ ಅವಳ ದನಿಯಲ್ಲಿ ಇನ್ನೂ ಸಿಟ್ಟಿತ್ತು.

ದೂಮ ಒಬ್ಬನೇ ಹೊನ್ನೆಯ ಕಾಡಿಗೆ ಹೋದ. ಒಮ್ಮೆ ಸೋತ ಮರಹುಲಿ ಅಡ್ಡ ಬರಲಿಲ್ಲ, ಆದರೆ ಒಳ್ಳೆಯ ಮರ ತೋರಿಸಿಕೊಡಲು ಯಾರೂ ಇರಲಿಲ್ಲ. ತನಗೆ ತಿಳಿದಂತೆ ಆರಿಸಿ ತಂದು, ಕೀಸಿ, ಕೂರಿಸಿದ. ಚಂದು ಬಂದು ಅಂಗೈ ಇಟ್ಟಳು. ಹಲಗೆ ಸರಿಯಿದೆಯೋ ಇಲ್ಲವೋ ಎಂದು ಅವಳು ಹೇಳಲಿಲ್ಲ. "ಅಣ್ಣ, ರಾಳ ಕಾಯಿಸುತ್ತೇನೆ, ನೀನು ನಾರು ತುಂಬು," ಎಂದಳು. ಅವಳು ಅವನೊಡನೆ ಮತ್ತೆ ಮಾತಾಡಿದ್ದು ಹಾಗೆ.

ಮುಂದೆ ಅಣ್ಣ ತಂಗಿ ಇಬ್ಬರೂ ಸೇರಿ ಎಷ್ಟೋ ದೋಣಿಗಳನ್ನು ಕಟ್ಟಿದರು. ದೂಮನ ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ. ಯಾರಾದರೂ ಚಂದುವನ್ನು ಹೊಗಳಿದರೆ ಈಗಲೂ ಅವನ ಕಿವಿ ಕೆಂಪಗಾಗುತ್ತಿತ್ತು. ಆದರೆ ಅವನು ಅದನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತಿರಲಿಲ್ಲ. ಇವತ್ತು ನನಗೆ ಉರೀತಾ ಇದೆ ಚಂದು ಎಂದು ನೇರವಾಗಿ ಹೇಳಿಬಿಡುತ್ತಿದ್ದ. ಅವಳು ನಗುತ್ತ ಎದ್ದು ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಅವನಿಗೆ ಜಾಗ ಮಾಡಿಕೊಡುತ್ತಿದ್ದಳು. ಅಲೆಯೂರಿನಲ್ಲಿ ಹೊರಟ ದೋಣಿಗಳೆಲ್ಲ ಸಂಜೆಗೆ ಮನೆ ಸೇರಿದವು, ಕಾಯುವವರೆಲ್ಲ ಬಿಸಿಬಿಸಿ ಉಂಡು ಸುಖವಾಗಿ ಬಾಳಿದರು.